ಓದುಗರ ಪ್ರಶ್ನೆ, ಲಿನಕ್ಸ್ ಉತ್ತರ: ನೆಟ್‌ವರ್ಕ್ ಏಳುವ ಮೊದಲೇ ಸರ್ವಿಸ್ ಎದ್ದರೆ

ಮಳೆ ಹಿಡಿದ ಮೇಲೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಕರೆಂಟ್ ಹೋಗಿ ಬಂತು, ಲಿನಕ್ಸ್ ಯಂತ್ರ ತಾನಾಗಿ ಎದ್ದಿತು, ಆದರೆ ನೆಟ್‌ವರ್ಕ್ ಅರ್ಧಂಬರ್ಧ. ತಿಂಗಳುಗಟ್ಟಲೆ ರೀಬೂಟ್ ಕಾಣದ ಯಂತ್ರದಲ್ಲಿ ಕ್ರಮದ ದೋಷ (ಬೇಕಾದದ್ದು ಬರುವ ಮೊದಲೇ ಸರ್ವಿಸ್ ಏಳುವುದು) ಇದ್ದರೂ ಗೊತ್ತಾಗುವುದಿಲ್ಲ, ಇಂಥ ದಿನಗಳಲ್ಲೇ ಅದು ಹೊರಬೀಳುವುದು. ಅವುಗಳಲ್ಲಿ ಐದಕ್ಕೆ ಇಲ್ಲಿ ಉತ್ತರವಿದೆ. ಕಮಾಂಡ್‌ಗಳನ್ನು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ಬೂಟ್ ಆಗುವಾಗ ಸರ್ವಿಸ್‌ಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯ ಫೈಲುಗಳಲ್ಲಿ ಬರುವ ‘ವಾಂಟ್ಸ್’, ‘ಆಫ್ಟರ್’ನಂಥ ಪದಗಳಿಗೆ ಮಾತ್ರ ಮೊದಲಕ್ಷರ ದೊಡ್ಡದಿರಬೇಕು, ‘ರೀಸ್ಟಾರ್ಟ್‌ಸೆಕ್’ನಂಥ ಜೋಡಿ ಪದದಲ್ಲಿ ಪ್ರತಿ ಭಾಗದ ಮೊದಲಕ್ಷರವೂ ದೊಡ್ಡದು.

ಪ್ರಶ್ನೆ: ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ಎರಡು ನೆಟ್‌ವರ್ಕ್ ಕಾರ್ಡ್ ಇರುವ ಉಬುಂಟು 22.04 ಸರ್ವರ್ ಇದೆ. ಒಂದು ಕಾರ್ಡ್ ಇಂಟರ್‌ನೆಟ್ ಕಡೆಗೆ, ಇನ್ನೊಂದು (ಇಎನ್‌ಪಿ3ಎಸ್0) ಲ್ಯಾಬಿನ ಸ್ವಿಚ್ ಕಡೆಗೆ. ಲ್ಯಾಬಿನ ಕಂಪ್ಯೂಟರ್‌ಗಳಿಗೆ ಐಪಿ ವಿಳಾಸ ಹಂಚುವುದು ಡಿಎನ್‌ಎಸ್‌ಮಾಸ್ಕ್. ಕರೆಂಟ್ ಹೋಗಿ ಬಂದ ಮೇಲೆ ಡಿಎನ್‌ಎಸ್‌ಮಾಸ್ಕ್ ಏಳುವುದೇ ಇಲ್ಲ, ಲಾಗಿನ್ ಆಗಿ ಕೈಯಾರೆ ಶುರು ಮಾಡಿದರೆ ಸರಿಯಾಗುತ್ತದೆ. ಬೂಟಿನ ಕೊನೆಯಲ್ಲಿ ಓಡುವ ಆರ್‌ಸಿ-ಲೋಕಲ್ ಫೈಲಿನಲ್ಲಿ ‘ಸ್ಲೀಪ್ 30’ ಹಾಕಿ, ಆಮೇಲೆ ಸರ್ವಿಸ್ ರೀಸ್ಟಾರ್ಟ್ ಆಗುವಂತೆ ಮಾಡಿದ್ದೇನೆ. ಒಮ್ಮೊಮ್ಮೆ ಕೆಲಸ ಮಾಡುತ್ತದೆ, ಒಮ್ಮೊಮ್ಮೆ ಇಲ್ಲ.
(ಲ್ಯಾಬ್ ಸಹಾಯಕ, ಹಾಸನ)

ಉತ್ತರ: ಕೈಯಾರೆ ಶುರು ಮಾಡಿದರೆ ಸರಿಯಾಗುತ್ತದೆ ಎಂದಿರಲ್ಲ, ಅಲ್ಲೇ ಅರ್ಧ ಸುಳಿವಿದೆ. ಸೆಟ್ಟಿಂಗ್ ತಪ್ಪಾಗಿದ್ದರೆ ಆಗಲೂ ಬೀಳಬೇಕಿತ್ತು. ಬೂಟ್ ಆಗುವಾಗ ಇಲ್ಲದಿದ್ದದ್ದು ಏನೋ ಆಮೇಲೆ ಬಂದಿದೆ. ಏನದು ಎಂಬುದನ್ನು ಊಹಿಸುವ ಬದಲು ಲಾಗ್ ನೋಡಿ: ‘ಜರ್ನಲ್‌ಸಿಟಿಎಲ್ -ಬಿ -ಯು ಡಿಎನ್‌ಎಸ್‌ಮಾಸ್ಕ್’. ಅಲ್ಲಿ ‘ಕ್ಯಾನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್’ ಅಥವಾ ‘ಅನ್‌ನೋನ್ ಇಂಟರ್‌ಫೇಸ್’ ಎಂದಿದ್ದರೆ ಕ್ರಮದ ದೋಷ. ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಎಂದಿದ್ದರೆ ಇದು ಬೇರೆಯೇ ಕಾಯಿಲೆ: ಹೆಸರು ಹುಡುಕುವ (ಡಿಎನ್‌ಎಸ್) ಕೆಲಸದ 53ನೇ ಪೋರ್ಟನ್ನು ಸಿಸ್ಟಮ್‌ಡಿ-ರಿಸಾಲ್ವ್‌ಡಿ ಎಂಬ ಇನ್ನೊಂದು ಸರ್ವಿಸ್ ಹಿಡಿದಿರುತ್ತದೆ, ಎಷ್ಟು ಹೊತ್ತು ಕಾದರೂ ಬಿಡುವುದಿಲ್ಲ.

ಕ್ರಮದ ದೋಷವೇ ಎಂದಾದರೆ ‘ಜರ್ನಲ್‌ಸಿಟಿಎಲ್ -ಬಿ -ಒ ಶಾರ್ಟ್-ಮೊನೊಟೊನಿಕ್’ ಕೊಡಿ. ಪ್ರತಿ ಸಾಲಿನ ಎಡಕ್ಕೆ ಕರ್ನಲ್ ಶುರುವಾಗಿ ಎಷ್ಟು ಸೆಕೆಂಡ್ ಆಯಿತು ಎಂಬುದು ಬರುತ್ತದೆ. ಅದರಲ್ಲಿ ಎರಡು ಸಾಲು ಹುಡುಕಿ. ಒಂದು, ಇಎನ್‌ಪಿ3ಎಸ್0 ಹೆಸರಿನ ಮುಂದೆ ‘ಗೇನ್ಡ್ ಕ್ಯಾರಿಯರ್’ ಎಂದಿರುವುದು. ಇನ್ನೊಂದು, ಡಿಎನ್‌ಎಸ್‌ಮಾಸ್ಕ್ ಬಿದ್ದದ್ದು. ಎರಡನೆಯದರ ಸಮಯ ಮೊದಲನೆಯದಕ್ಕಿಂತ ಕಡಿಮೆಯಿದ್ದರೆ ಅನುಮಾನ ಉಳಿಯುವುದಿಲ್ಲ. ಸ್ವಿಚ್ ಮೊದಲೇ ಚಾಲೂ ಇದ್ದರೆ ಕೇಬಲಿನ ಎರಡು ತುದಿಗಳು ವೇಗ ಹೊಂದಿಸಿಕೊಳ್ಳುವುದಕ್ಕೆ ಕೆಲವೇ ಸೆಕೆಂಡ್ ಸಾಕು. ಕರೆಂಟ್ ಹೋಗಿ ಬಂದಾಗ ಮಾತ್ರ ಸ್ವಿಚ್ಚೂ ಸೊನ್ನೆಯಿಂದ ಏಳಬೇಕು. ಮ್ಯಾನೇಜ್ಡ್ ಸ್ವಿಚ್ ಆದರೆ ಅದಕ್ಕೆ ಒಂದು ನಿಮಿಷ ಮೀರಬಹುದು. ನಿಮ್ಮ ‘ಸ್ಲೀಪ್ 30’ ಬರೀ ರೀಬೂಟ್ ಮಾಡಿದಾಗ ಗೆಲ್ಲುವುದು, ಕರೆಂಟ್ ಹೋದಾಗ ಸೋಲುವುದು ಈ ಕಾರಣಕ್ಕೆ. 30 ತೆಗೆದು 60 ಹಾಕಿದರೆ ಸೋಲು ಅಪರೂಪವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ, ಅಪರೂಪದ ದೋಷವನ್ನು ಹಿಡಿಯುವುದು ಇನ್ನೂ ಕಷ್ಟ. ಆ ಸಾಲು ತೆಗೆದುಬಿಡಿ.

ಇನ್ನು ಸಿಸ್ಟಮ್‌ಡಿ ಕಡೆಯ ವಿಷಯ. ಉಬುಂಟುವಿನಲ್ಲಿ ಡಿಎನ್‌ಎಸ್‌ಮಾಸ್ಕ್ ಸರ್ವಿಸ್ ಫೈಲಿನಲ್ಲಿ ‘ಆಫ್ಟರ್=ನೆಟ್‌ವರ್ಕ್.ಟಾರ್ಗೆಟ್’ ಎಂದಿರುವುದನ್ನು ಕಂಡು ನೆಟ್‌ವರ್ಕ್ ಬಂದ ಮೇಲೆ ತಾನೇ ಏಳುತ್ತಿದೆ ಎಂದುಕೊಳ್ಳುವವರು ಬಹಳ. ಟಾರ್ಗೆಟ್ ಎಂದರೆ ಬೂಟಿನ ಒಂದು ಹಂತ. ನೆಟ್‌ವರ್ಕ್.ಟಾರ್ಗೆಟ್ ಮುಟ್ಟಿತು ಎಂದರೆ ನೆಟ್‌ವರ್ಕ್ ನೋಡಿಕೊಳ್ಳುವ ತಂತ್ರಾಂಶ ಶುರುವಾಗಿದೆ ಎಂದಷ್ಟೇ. ಒಂದೇ ಒಂದು ಕಾರ್ಡಿಗೂ ವಿಳಾಸ ಬಂದಿರಬೇಕೆಂದಿಲ್ಲ. ಅದರ ನಿಜವಾದ ಉಪಯೋಗ ಯಂತ್ರ ಆರಿಸುವಾಗ: ಅದರ ನಂತರ ಎದ್ದ ಸರ್ವಿಸ್‌ಗಳು ನೆಟ್‌ವರ್ಕ್ ಹೋಗುವ ಮೊದಲು ನಿಲ್ಲುತ್ತವೆ. ವಿಳಾಸ ಬರುವ ತನಕ ಕಾಯುವುದು ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್. ಅದನ್ನು ಬಳಸುವಾಗ ಎರಡು ಸಾಲು ಬೇಕು: ‘ವಾಂಟ್ಸ್=ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್’ ಮತ್ತು ‘ಆಫ್ಟರ್=ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್’. ‘ಆಫ್ಟರ್’ ಹಿಂದು ಮುಂದು ಮಾತ್ರ ಹೇಳುತ್ತದೆ, ಆ ಟಾರ್ಗೆಟನ್ನು ಎಬ್ಬಿಸುವುದಿಲ್ಲ. ‘ವಾಂಟ್ಸ್’ ಎಬ್ಬಿಸುತ್ತದೆ, ಆದರೆ ಕಾಯುವುದಿಲ್ಲ. ಮೂಲ ಫೈಲನ್ನು ಮುಟ್ಟದೆ ‘ಸುಡೊ ಸಿಸ್ಟಮ್‌ಸಿಟಿಎಲ್ ಎಡಿಟ್ ಡಿಎನ್‌ಎಸ್‌ಮಾಸ್ಕ್’ ಎಂದು ತೆರೆದು, ಚೌಕ ಕಂಸದಲ್ಲಿ ‘ಯೂನಿಟ್’ ಎಂದು ಬರೆದು ಅದರ ಕೆಳಗೆ ಈ ಎರಡು ಸಾಲು ಸೇರಿಸಿ. ಪ್ಯಾಕೇಜ್ ಅಪ್‌ಡೇಟ್ ಆದರೂ ಇವು ಉಳಿಯುತ್ತವೆ.

ಇಷ್ಟಕ್ಕೇ ನಿಲ್ಲಿಸಿದರೆ ನಿಮ್ಮ ತೊಂದರೆ ಪೂರ್ತಿ ಹೋಗುವುದಿಲ್ಲ. ಲ್ಯಾಬಿನ ಸ್ವಿಚ್ಚನ್ನೇ ಯಾರಾದರೂ ಆರಿಸಿದ್ದರೆ ಆ ಟಾರ್ಗೆಟ್ ಪರವಾಗಿ ಕಾಯುವ ಸರ್ವಿಸ್ 120 ಸೆಕೆಂಡ್ ಕಾದು ಕೈಚೆಲ್ಲುತ್ತದೆ. ‘ವಾಂಟ್ಸ್’ ಸಡಿಲ ಸಂಬಂಧವಾದ್ದರಿಂದ ಡಿಎನ್‌ಎಸ್‌ಮಾಸ್ಕ್ ಆಮೇಲೆ ಶುರುವಾಗಿ, ವಿಳಾಸ ಇಲ್ಲದ ಕಾರ್ಡ್ ನೋಡಿ ಮತ್ತೆ ಬೀಳುತ್ತದೆ. ಹಾಗಾಗಿ ಕಾರ್ಡ್ ತಡವಾಗಿ ಬಂದರೂ ಸಹಿಸುವಂತೆ ಡಿಎನ್‌ಎಸ್‌ಮಾಸ್ಕನ್ನೇ ಹೊಂದಿಸುವುದು ಸರಿಯಾದ ದಾರಿ. ಅದರ ಕಾನ್ಫ್ ಫೈಲಿನಲ್ಲಿ ‘ಬೈಂಡ್-ಇಂಟರ್‌ಫೇಸಸ್’ ಸಾಲು ತೆಗೆದು ‘ಬೈಂಡ್-ಡೈನಾಮಿಕ್’ ಎಂದು ಬರೆಯಿರಿ. ‘ಇಂಟರ್‌ಫೇಸ್=ಇಎನ್‌ಪಿ3ಎಸ್0’ ಸಾಲು ಇರಲಿ. ಆಗ ಕಾರ್ಡಿಗೆ ವಿಳಾಸ ಯಾವಾಗ ಬರುತ್ತದೋ ಆ ಕ್ಷಣದಿಂದ ಅದು ಕೇಳಿಸಿಕೊಳ್ಳಲು ತೊಡಗುತ್ತದೆ. ಜೊತೆಗೆ ನೆಟ್‌ಪ್ಲಾನ್‌ನಲ್ಲಿ (ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಫೈಲು) ಆ ಕಾರ್ಡಿನ ಕೆಳಗೆ ‘ಇಗ್ನೋರ್-ಕ್ಯಾರಿಯರ್: ಟ್ರೂ’ ಹಾಕಿದರೆ ಸ್ವಿಚ್ ಆರಿದ್ದಾಗಲೂ ನೀವು ಬರೆದ ಸ್ಥಿರ ವಿಳಾಸ ಕಾರ್ಡಿನ ಮೇಲೆ ಕೂರುತ್ತದೆ. ತಂತ್ರಾಂಶಕ್ಕೇ ಇಂಥ ಸಹನೆ ಇದ್ದರೆ ಮೊದಲು ಅದನ್ನು ಬಳಸಬೇಕು, ಬೂಟ್ ಕ್ರಮ ತಿದ್ದುವುದು ಎರಡನೆಯ ಮಾತು ಎಂಬುದು ನಮ್ಮ ಖಚಿತ ಅಭಿಪ್ರಾಯ. ಕೇಬಲ್ ಮಧ್ಯಾಹ್ನ ಮೂರು ಗಂಟೆಗೂ ಬಿಚ್ಚಿಕೊಳ್ಳಬಹುದು, ಆಗ ಬೂಟ್ ಕ್ರಮದಿಂದ ಏನೂ ಪ್ರಯೋಜನವಿಲ್ಲ.

ಅಂಥ ಆಯ್ಕೆಯೇ ಇಲ್ಲದ ಸರ್ವಿಸ್‌ಗಳೂ ಇವೆ. ನಿರ್ದಿಷ್ಟ ವಿಳಾಸಕ್ಕೇ ಕಟ್ಟಿದ ವೆಬ್ ಸರ್ವರ್ ಆದರೆ ಸಿಸ್‌ಸಿಟಿಎಲ್‌ನಲ್ಲಿ (ಕರ್ನಲ್ ಸೆಟ್ಟಿಂಗ್) ‘ನೆಟ್.ಐಪಿವಿ4.ಐಪಿ_ನಾನ್‌ಲೋಕಲ್_ಬೈಂಡ್=1’ ಕೊಟ್ಟರೆ ಇನ್ನೂ ಬಾರದ ವಿಳಾಸಕ್ಕೂ ಅದು ಕಟ್ಟಿಕೊಳ್ಳುತ್ತದೆ. ಯಾವುದೂ ಒಗ್ಗದಿದ್ದರೆ ‘ಸರ್ವಿಸ್’ ಭಾಗದಲ್ಲಿ ‘ರೀಸ್ಟಾರ್ಟ್=ಆನ್-ಫೇಲ್ಯೂರ್’ ಬರೆಯಿರಿ, ಅದರ ಜೊತೆ ‘ರೀಸ್ಟಾರ್ಟ್‌ಸೆಕ್=5’ ಮರೆಯಬೇಡಿ. ಅದಿಲ್ಲದಿದ್ದರೆ ಸಿಸ್ಟಮ್‌ಡಿ 100 ಮಿಲಿಸೆಕೆಂಡಿಗೊಮ್ಮೆ ಪ್ರಯತ್ನಿಸುತ್ತದೆ. 10 ಸೆಕೆಂಡಿನಲ್ಲಿ 5 ಸಲ ಶುರು ಮಾಡಿದ ಮೇಲೆ ಸುಮ್ಮನಾಗುವುದು ಅದರ ಮೂಲ ನಿಯಮ, ಅಂದರೆ ಕಾರ್ಡ್ ಏಳುವ ಮೊದಲೇ ಎಲ್ಲ ಅವಕಾಶ ಮುಗಿದಿರುತ್ತದೆ.

ಪರೀಕ್ಷೆ ಹೀಗೆ ಮಾಡಿ: ಸ್ವಿಚ್ಚಿನ ಪ್ಲಗ್ ಕಿತ್ತು ಸರ್ವರ್ ರೀಬೂಟ್ ಮಾಡಿ, ಮೂರು ನಿಮಿಷ ಬಿಟ್ಟು ಸ್ವಿಚ್ ಹಚ್ಚಿ, ಲ್ಯಾಬಿನ ಒಂದು ಕಂಪ್ಯೂಟರಿಗೆ ವಿಳಾಸ ಸಿಗುತ್ತದೆಯೇ ನೋಡಿ. ಸ್ವಿಚ್ ಚಾಲೂ ಇಟ್ಟು ರೀಬೂಟ್ ಮಾಡಿದರೆ ಪರೀಕ್ಷೆ ಮಾಡಿದಂತೆ ಆಗುವುದಿಲ್ಲ.

ಪ್ರಶ್ನೆ: ನಮ್ಮ ಅಂಗಡಿಯ ಉಬುಂಟು ಸರ್ವರ್ ಬೂಟ್ ಆಗುವಾಗ ‘ವೇಟ್ ಫಾರ್ ನೆಟ್‌ವರ್ಕ್ ಟು ಬಿ ಕಾನ್ಫಿಗರ್ಡ್’ ಎಂದು ತೋರಿಸುತ್ತ ಎರಡು ನಿಮಿಷ ನಿಂತುಬಿಡುತ್ತದೆ. ನೆಟ್‌ವರ್ಕ್ ಮಾತ್ರ ಚೆನ್ನಾಗಿಯೇ ಇದೆ. ಈ ಸರ್ವಿಸನ್ನೇ ಮಾಸ್ಕ್ ಮಾಡಬಹುದೇ (ಏಳದಂತೆ ಪೂರ್ತಿ ಮುಚ್ಚಬಹುದೇ)?
(ಓದುಗರು, ಚಿಕ್ಕಮಗಳೂರು)

ಉತ್ತರ: ಮಾಡಬೇಡಿ. ಮಾಸ್ಕ್ ಮಾಡಿದರೆ ನೆಟ್‌ವರ್ಕ್-ಆನ್‌ಲೈನ್ ಟಾರ್ಗೆಟ್ ಕಾಯದೆಯೇ ‘ಆಯಿತು’ ಎನ್ನುತ್ತದೆ, ಅದನ್ನು ನಂಬಿದ ಸರ್ವಿಸ್‌ಗಳು ಒಂದೊಂದಾಗಿ ಬೀಳುತ್ತವೆ. ಆ ಎರಡು ನಿಮಿಷ ಎಂದರೆ ನೆಟ್‌ವರ್ಕ್ ನೋಡಿಕೊಳ್ಳುವ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಕಡೆಯ 120 ಸೆಕೆಂಡಿನ ಗಡುವು. ಯಂತ್ರದಲ್ಲಿ ಎರಡು ಪೋರ್ಟ್ ಇದ್ದು, ಎರಡಕ್ಕೂ ನೆಟ್‌ಪ್ಲಾನ್‌ನಲ್ಲಿ ‘ಡಿಎಚ್‌ಸಿಪಿ4: ಟ್ರೂ’ (ವಿಳಾಸವನ್ನು ನೆಟ್‌ವರ್ಕಿನಿಂದ ತಾನಾಗಿ ಪಡೆ) ಎಂದಿದ್ದು, ಒಂದಕ್ಕೆ ಕೇಬಲ್ಲೇ ಹಾಕಿಲ್ಲದಿದ್ದರೆ ಹೀಗಾಗುತ್ತದೆ. ‘ನೆಟ್‌ವರ್ಕ್‌ಸಿಟಿಎಲ್’ ಕೊಟ್ಟರೆ ‘ನೋ-ಕ್ಯಾರಿಯರ್’ ಎಂದು ತೋರಿಸುವ ಪೋರ್ಟ್ ಯಾವುದೆಂದು ಗೊತ್ತಾಗುತ್ತದೆ. ಅದರ ಹೆಸರಿನ ಕೆಳಗೆ ‘ಆಪ್ಷನಲ್: ಟ್ರೂ’ ಸೇರಿಸಿ. ಜಾಗ ಬಿಡುವುದಕ್ಕೆ ಸ್ಪೇಸ್ ಮಾತ್ರ ಬಳಸಿ, ಟ್ಯಾಬ್ ಒತ್ತಿದರೆ ಫೈಲ್ ಓದಲಾಗುವುದಿಲ್ಲ. ‘ಸುಡೊ ನೆಟ್‌ಪ್ಲಾನ್ ಟ್ರೈ’ ಎಂದರೆ ಬದಲಾವಣೆ ಜಾರಿಯಾಗುತ್ತದೆ, ನೀವು 120 ಸೆಕೆಂಡಿನೊಳಗೆ ಒಪ್ಪದಿದ್ದರೆ ಹಳೆಯದಕ್ಕೆ ಮರಳುತ್ತದೆ.

‘ನೆಟ್‌ವರ್ಕ್‌ಸಿಟಿಎಲ್’ ಎಲ್ಲ ಕಾರ್ಡ್‌ಗಳ ಮುಂದೆಯೂ ‘ಅನ್‌ಮ್ಯಾನೇಜ್ಡ್’ ಎಂದರೆ ಕಾರ್ಡ್‌ಗಳನ್ನು ನೋಡಿಕೊಳ್ಳುತ್ತಿರುವುದು ನೆಟ್‌ವರ್ಕ್‌ಮ್ಯಾನೇಜರ್, ಕಾಯುತ್ತಿರುವುದು ಮಾತ್ರ ನೆಟ್‌ವರ್ಕ್‌ಡಿ. ಆಗಷ್ಟೇ ‘ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ-ವೇಟ್-ಆನ್‌ಲೈನ್’ ಅನ್ನು ಡಿಸೇಬಲ್ ಮಾಡಬಹುದು. ನೆಟ್‌ವರ್ಕ್‌ಮ್ಯಾನೇಜರ್‌ಗೆ ತನ್ನದೇ ಕಾಯುವ ಸರ್ವಿಸ್ ಇದೆ.

ಪ್ರಶ್ನೆ: ಫೈಲ್ ಸರ್ವರಿಗೆ ಒಂದು ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿಸಿದೆವು. ಅಂದಿನಿಂದ ನೆಟ್‌ವರ್ಕ್ ಇಲ್ಲ. ನೋಡಿದರೆ ಇಎನ್‌ಪಿ3ಎಸ್0 ಇದ್ದದ್ದು ಇಎನ್‌ಪಿ4ಎಸ್0 ಆಗಿದೆ. ಡಿಸ್ಕ್ ಹಾಕಿದರೆ ಕಾರ್ಡಿನ ಹೆಸರು ಏಕೆ ಬದಲಾಗಬೇಕು?
(ಕಾಫಿ ವ್ಯಾಪಾರದ ಕಚೇರಿ, ಸಕಲೇಶಪುರ)

ಉತ್ತರ: ಆ ಹೆಸರು ಕಾರ್ಡಿನದ್ದಲ್ಲ, ಅದು ಕೂತ ಜಾಗದ್ದು. ‘ಇಎನ್’ ಎಂದರೆ ಈಥರ್ನೆಟ್, ‘ಪಿ3’ ಎಂದರೆ ಪಿಸಿಐ ಬಸ್ ಸಂಖ್ಯೆ 3, ‘ಎಸ್0’ ಎಂದರೆ ಸ್ಲಾಟ್ 0. ಎನ್‌ವಿಎಂಇ ಡಿಸ್ಕ್ ಕೂಡ ಪಿಸಿಐ ಬಸ್ಸಿನ ಮೇಲೇ ಕೂರುತ್ತದೆ. ಅದಕ್ಕೊಂದು ಬಸ್ ಸಂಖ್ಯೆ ಸಿಕ್ಕಾಗ ಮುಂದಿನವು ಒಂದೊಂದು ಸರಿದವು. ಹಿಂದೆ ಡ್ರೈವರಿಗೆ ಯಾವ ಕಾರ್ಡ್ ಮೊದಲು ಕಂಡಿತೋ ಅದು ಇಟಿಎಚ್0, ಆಮೇಲಿನದು ಇಟಿಎಚ್1 ಆಗುತ್ತಿತ್ತು. ಎರಡು ಕಾರ್ಡ್ ಇದ್ದ ಯಂತ್ರಗಳಲ್ಲಿ ಒಂದು ಬೂಟಿಗೂ ಇನ್ನೊಂದಕ್ಕೂ ಹೆಸರು ಅದಲು ಬದಲಾಗುತ್ತಿತ್ತು. ಅದನ್ನು ತಪ್ಪಿಸಲು 2013ರ ಸಿಸ್ಟಮ್‌ಡಿ 197ರಿಂದ ಜಾಗ ನೋಡಿ ಹೆಸರಿಡುವ ಪದ್ಧತಿ ಬಂತು. ಏಳುವ ಕ್ರಮ ಹೇಗಿದ್ದರೂ ಹೆಸರು ನಿಲ್ಲುತ್ತದೆ, ಆದರೆ ಒಳಗಿನ ಯಂತ್ರಾಂಶ ಬದಲಾದರೆ ನಿಲ್ಲಬೇಕೆಂದಿಲ್ಲ.

ಕಾರ್ಡಿನ ಸ್ವಂತ ಮ್ಯಾಕ್ ವಿಳಾಸಕ್ಕೆ (ತಯಾರಕರು ಕೊಟ್ಟ ಗುರುತಿನ ಸಂಖ್ಯೆ) ಹೆಸರು ಕಟ್ಟಿಬಿಡಿ. ‘ಈಥ್‌ಟೂಲ್ -ಪಿ ಇಎನ್‌ಪಿ4ಎಸ್0’ ಕೊಟ್ಟರೆ (ಇಲ್ಲಿ ಮಾತ್ರ ಪಿ ದೊಡ್ಡಕ್ಷರ) ಶಾಶ್ವತ ಮ್ಯಾಕ್ ಸಿಗುತ್ತದೆ. ‘/ಇಟಿಸಿ/ಸಿಸ್ಟಮ್‌ಡಿ/ನೆಟ್‌ವರ್ಕ್/10-ಲ್ಯಾನ್0.ಲಿಂಕ್’ ಎಂಬ ಫೈಲ್ ಮಾಡಿ, ‘ಮ್ಯಾಚ್’ ಭಾಗದಲ್ಲಿ ‘ಪರ್ಮನೆಂಟ್‌ಮ್ಯಾಕ್‌ಅಡ್ರೆಸ್=’ (ಇದರಲ್ಲಿ ‘ಮ್ಯಾಕ್’ನ ಮೂರೂ ಅಕ್ಷರ ದೊಡ್ಡವು) ಮುಂದೆ ಆ ಮ್ಯಾಕ್ ಬರೆಯಿರಿ, ‘ಲಿಂಕ್’ ಭಾಗದಲ್ಲಿ ‘ನೇಮ್=ಲ್ಯಾನ್0’ ಎಂದಿರಲಿ. ಬರೀ ‘ಮ್ಯಾಕ್‌ಅಡ್ರೆಸ್=’ ಬಳಸಿದರೆ ಮುಂದೊಂದು ದಿನ ಬ್ರಿಡ್ಜ್ ಅಥವಾ ವಿಲ್ಯಾನ್ ಮಾಡಿದಾಗ ತೊಡಕು. ಅವು ಕಾರ್ಡಿನ ಮ್ಯಾಕನ್ನೇ ಎರವಲು ಪಡೆಯುವುದರಿಂದ ಈ ಫೈಲ್ ಅವಕ್ಕೂ ಹೊಂದಿ, ಒಂದೇ ಹೆಸರಿಗೆ ಇಬ್ಬರು ಬಂದಂತಾಗುತ್ತದೆ. ಹೊಸ ಹೆಸರು ಇಟಿಎಚ್0 ಎಂದೂ ಬೇಡ. ಕರ್ನಲ್ ತಾನೇ ಹಂಚುವ ಹೆಸರದು, ಇಬ್ಬರೂ ಒಮ್ಮೆಗೇ ಕೈಹಾಕಿದರೆ ಹೆಸರು ಬದಲಿಸುವುದು ವಿಫಲವಾಗುತ್ತದೆ.

ಆಮೇಲೆ ‘ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ ಕೊಡಿ. ಕಾರ್ಡಿಗೆ ಹೆಸರಿಡುವ ಕೆಲಸ ಬೂಟಿನ ಆರಂಭದ ಹಂತದಲ್ಲೇ ನಡೆಯಬಹುದು, ಆ ಹಂತದಲ್ಲಿ ಓದುವುದು ಇನಿಟ್‌ರಾಮ್‌ಎಫ್‌ಎಸ್ (ಬೂಟಿನ ಶುರುವಿಗೆ ಬೇಕಾದ ಫೈಲುಗಳ ಕಟ್ಟು) ಒಳಗಿನ ಪ್ರತಿಯನ್ನು. ಎಲ್ಲ ಸರಿ ಬರೆದರೂ ಹಳೆಯ ಹೆಸರೇ ಬರುತ್ತಿದೆ ಎನ್ನುವವರು ಸಾಮಾನ್ಯವಾಗಿ ಬಿಟ್ಟಿರುವುದು ಈ ಹೆಜ್ಜೆಯನ್ನೇ. ಕೊನೆಗೆ ‘ಗ್ರೆಪ್ -ಆರ್ ಇಎನ್‌ಪಿ3ಎಸ್0 /ಇಟಿಸಿ’ ಎಂದು ಹುಡುಕಿ, ಫೈರ್‌ವಾಲ್, ಸಾಂಬಾ, ನೆಟ್‌ಪ್ಲಾನ್ ಹೀಗೆ ಹಳೆಯ ಹೆಸರು ಇರುವ ಕಡೆಯೆಲ್ಲ ಲ್ಯಾನ್0 ಮಾಡಿ. ಈ ಕೆಲಸವನ್ನು ದೂರದಿಂದ ಎಸ್‌ಎಸ್‌ಎಚ್ ಮೂಲಕ ಮಾಡಬೇಡಿ, ಯಂತ್ರಕ್ಕೆ ಮಾನಿಟರ್, ಕೀಬೋರ್ಡ್ ಹಾಕಿಕೊಂಡೇ ಮಾಡಿ.

ಪ್ರಶ್ನೆ: ಎಸ್ಟೇಟ್ ಆಫೀಸಿನಲ್ಲಿ ಡೆಬಿಯನ್ 12 ಯಂತ್ರವೇ ನಮ್ಮ ರೌಟರ್. ಫೈಬರ್ ಸಂಪರ್ಕ ಪಿಪಿಪಿಒಇ (ಲಾಗಿನ್ ಆಗಿ ಸೇರುವ ಪದ್ಧತಿ) ಮೂಲಕ, ಅದರ ಸೆಟ್ಟಿಂಗ್ ಇರುವ ಪಿಯರ್ ಫೈಲ್ ಕೈಯಾರೆ ಬರೆದದ್ದು. ಅದಿಲ್ಲದಾಗ ಇರಲಿ ಎಂದು 4ಜಿ ಯುಎಸ್‌ಬಿ ಡಾಂಗಲ್ ಕೂಡ ಇದೆ. ಕರೆಂಟ್ ಬಂದ ಮೇಲೆ ಎರಡರಲ್ಲಿ ಒಂದು ಆಗುತ್ತದೆ: ಫೈಬರ್ ಮೇಲೇಳುವುದೇ ಇಲ್ಲ, ಅಥವಾ ಎದ್ದರೂ ಡೇಟಾ ಎಲ್ಲ ಡಾಂಗಲ್‌ನಲ್ಲೇ ಹೋಗುತ್ತದೆ.
(ತೋಟದ ಕಚೇರಿ, ಮೂಡಿಗೆರೆ)

ಉತ್ತರ: ಎರಡೂ ಕ್ರಮದ ದೋಷಗಳೇ, ಆದರೆ ಬೇರೆ ಬೇರೆ.

ಮೊದಲನೆಯದರಲ್ಲಿ ಯಂತ್ರ ಅರ್ಧ ನಿಮಿಷದಲ್ಲಿ ಎದ್ದು, ಸಂಪರ್ಕ ಜೋಡಿಸುವ ಪಿಪಿಪಿಡಿ ಕರೆ ಮಾಡತೊಡಗುತ್ತದೆ, ಫೈಬರ್ ಪೆಟ್ಟಿಗೆ ಇನ್ನೂ ತಯಾರಾಗಿರುವುದಿಲ್ಲ. ಪಿಯರ್ ಫೈಲಿನಲ್ಲಿ ‘ಪರ್ಸಿಸ್ಟ್’ ಇಲ್ಲದಿದ್ದರೆ ಪಿಪಿಪಿಡಿ ಮತ್ತೆ ಪ್ರಯತ್ನಿಸುವುದಿಲ್ಲ. ‘ಪರ್ಸಿಸ್ಟ್’ ಇದ್ದರೂ ಸತತ 10 ಸಲ ಸೋತರೆ ಬಿಟ್ಟುಬಿಡುವುದು ಅದರ ಮೂಲ ನಿಯಮ. ಆದ್ದರಿಂದ ಮೂರು ಸಾಲು ಬರೆಯಿರಿ: ‘ಪರ್ಸಿಸ್ಟ್’, ‘ಮ್ಯಾಕ್ಸ್‌ಫೇಲ್ 0’, ‘ಹೋಲ್ಡ್‌ಆಫ್ 10’. ಸೊನ್ನೆ ಎಂದರೆ ಮಿತಿಯಿಲ್ಲ, ಹತ್ತು ಎಂದರೆ ಸೋತ ಮೇಲೆ ಹತ್ತು ಸೆಕೆಂಡ್ ಬಿಟ್ಟು ಮತ್ತೆ. ‘ಎಲ್‌ಸಿಪಿ-ಎಕೋ-ಇಂಟರ್ವಲ್ 20’, ‘ಎಲ್‌ಸಿಪಿ-ಎಕೋ-ಫೇಲ್ಯೂರ್ 3’ ಸೇರಿಸಿದರೆ ಆಚೆ ಬದಿ ಸದ್ದಿಲ್ಲದೆ ಸತ್ತಾಗ ಸುಮಾರು ಒಂದು ನಿಮಿಷದಲ್ಲಿ ಗೊತ್ತಾಗಿ ಹೊಸದಾಗಿ ಕರೆ ಹೋಗುತ್ತದೆ. ಇಂಟರ್‌ಫೇಸಸ್ ಫೈಲಿನಲ್ಲಿ ಪಿಪಿಪಿ ಭಾಗದ ಕೆಳಗೆ ‘ಪ್ರೀ-ಅಪ್ /ಬಿನ್/ಐಪಿ ಲಿಂಕ್ ಸೆಟ್ … ಅಪ್’ ಎಂಬ ಸಾಲಿದ್ದು, ಅದರಲ್ಲಿ ಫೈಬರ್ ಕಡೆಯ ಕಾರ್ಡಿನ ಈಗಿನ ಹೆಸರೇ ಇರಬೇಕು. ಕೆಳಗಿನ ಕಾರ್ಡ್ ಏಳದೆ ಅದರ ಮೇಲಿನ ಪಿಪಿಪಿ ಏಳಲಾರದು.

ಎರಡನೆಯದಕ್ಕೆ ಲಾಗ್‌ನಲ್ಲಿ ‘ನಾಟ್ ರಿಪ್ಲೇಸಿಂಗ್ ಎಕ್ಸಿಸ್ಟಿಂಗ್ ಡೀಫಾಲ್ಟ್ ರೂಟ್’ ಎಂಬ ಮಾತು ಹುಡುಕಿ. ಡಾಂಗಲ್ ಮೊದಲು ಎದ್ದು ಡಿಎಚ್‌ಸಿಪಿಯಿಂದ ಡೀಫಾಲ್ಟ್ ರೂಟ್ (ಹೊರಗಿನ ಡೇಟಾ ಹೋಗುವ ದಾರಿ) ಹಾಕಿಕೊಂಡಿದ್ದರೆ, ಬರೀ ‘ಡೀಫಾಲ್ಟ್‌ರೂಟ್’ ಎಂದಿರುವ ಪಿಪಿಪಿಡಿ ಅದನ್ನು ತೆಗೆದುಹಾಕುವುದಿಲ್ಲ. ಫೈಬರ್ ಮೊದಲು ಎದ್ದ ದಿನ ಎಲ್ಲ ಸರಿ, ಡಾಂಗಲ್ ಗೆದ್ದ ದಿನ ಬಿಲ್ ಏರುತ್ತದೆ. ಪಿಯರ್ ಫೈಲಿನಲ್ಲಿ ‘ರಿಪ್ಲೇಸ್‌ಡೀಫಾಲ್ಟ್‌ರೂಟ್’ ಸೇರಿಸಿ. ಡಾಂಗಲ್ ಇಂಟರ್‌ಫೇಸಿನ ಭಾಗದಲ್ಲಿ ‘ಆಟೊ’ ಬದಲು ‘ಅಲೌ-ಹಾಟ್‌ಪ್ಲಗ್’ ಇರಲಿ, ಏಕೆಂದರೆ ಯುಎಸ್‌ಬಿ ಸಾಧನ ಯಾವಾಗ ಕಾಣಿಸಿಕೊಳ್ಳುತ್ತದೆ ಎಂಬುದಕ್ಕೆ ಖಾತ್ರಿಯಿಲ್ಲ, ‘ಆಟೊ’ ಅದು ಬರುವ ಮೊದಲೇ ಹುಡುಕಿ ಸೋಲಬಹುದು. ಅಲ್ಲೇ ‘ಮೆಟ್ರಿಕ್ 700’ ಎಂದು ಬರೆಯಿರಿ. ಸಂಖ್ಯೆ ದೊಡ್ಡದಾದಷ್ಟೂ ಆ ದಾರಿಗೆ ಆದ್ಯತೆ ಕಡಿಮೆ. ಮುಗಿದ ಮೇಲೆ ಫೈಬರ್ ಕೇಬಲ್ ಬಿಚ್ಚಿ, ಮತ್ತೆ ಹಾಕಿ, ಎರಡೂ ಸಲ ‘ಐಪಿ ರೂಟ್’ ಕೊಟ್ಟು ‘ಡೀಫಾಲ್ಟ್’ ಸಾಲು ಯಾವುದೆಂದು ಕಣ್ಣಾರೆ ನೋಡಿ.

ತೋಟದಲ್ಲಿ ದಿನಕ್ಕೆ ಹಲವು ಸಲ ಕರೆಂಟ್ ಹೋಗುವುದಾದರೆ ಫೈಬರ್ ಪೆಟ್ಟಿಗೆಗೆ ಒಂದು ಸಣ್ಣ ಡಿಸಿ ಯುಪಿಎಸ್ ಹಾಕಿಸುವುದೂ ಒಳ್ಳೆಯದು. ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಓದಿ, ಅದೇ ವೋಲ್ಟಿನದ್ದನ್ನೇ ತನ್ನಿ. ಆದರೆ ಮೇಲಿನ ಸಾಲುಗಳನ್ನು ಬರೆಯದೆ ಯುಪಿಎಸ್ ಒಂದನ್ನೇ ನೆಚ್ಚಿಕೊಳ್ಳಬೇಡಿ.

ಪ್ರಶ್ನೆ: ಮಳೆಮಾಪಕದ ಲೆಕ್ಕ ಕಳಿಸಲು ತೋಟದಲ್ಲಿ ರಾಸ್ಪ್‌ಬೆರಿ ಪೈ 4 ಇಟ್ಟಿದ್ದೇವೆ. ವೈರ್‌ಗಾರ್ಡ್ ಸುರಂಗದ (ವಿಪಿಎನ್) ಮೂಲಕ ಮನೆಯ ಸರ್ವರಿಗೆ ಸೇರುತ್ತದೆ, ಎಲ್ಲ ಟ್ರಾಫಿಕ್ ಸುರಂಗದಲ್ಲೇ ಹೋಗುವಂತೆ ಇಟ್ಟಿದ್ದೇವೆ. ಕರೆಂಟ್ ಹೋಗಿ ಬಂದರೆ ಅರ್ಧ ಗಂಟೆ, ಒಮ್ಮೊಮ್ಮೆ ಮುಕ್ಕಾಲು ಗಂಟೆ ಸುರಂಗ ಸೇರುವುದಿಲ್ಲ, ಆಮೇಲೆ ತಾನಾಗಿ ಸರಿಯಾಗುತ್ತದೆ. ಲಾಗ್‌ನಲ್ಲಿ ಒಂದೂ ದೋಷ ಕಾಣದು.
(ಕೃಷಿಕರು, ಕೊಪ್ಪ)

ಉತ್ತರ: ತಾನಾಗಿ ಸರಿಯಾಗುವುದಕ್ಕೆ ಹಿಡಿಯುವ ಸಮಯದಲ್ಲೇ ಕಾರಣ ಇದೆ. ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಫೇಕ್-ಎಚ್‌ಡಬ್ಲ್ಯುಕ್ಲಾಕ್ ಎಂಬ ತಂತ್ರಾಂಶ ಗಂಟೆಗೊಮ್ಮೆ ಸಮಯವನ್ನು ಎಸ್‌ಡಿ ಕಾರ್ಡಿನಲ್ಲಿ ಬರೆದಿಡುತ್ತದೆ. ಥಟ್ಟನೆ ಕರೆಂಟ್ ಹೋದರೆ ಪೈ ಕೊನೆಗೆ ಬರೆದಿಟ್ಟ ಹೊತ್ತಿನಿಂದ ಏಳುತ್ತದೆ, ಅಂದರೆ ಗಡಿಯಾರ ಹಿಂದೆ ಬಿದ್ದಿರುತ್ತದೆ. ವೈರ್‌ಗಾರ್ಡ್ ಕೈಕುಲುಕುವಾಗ ಸಮಯದ ಮುದ್ರೆ ಕಳಿಸುತ್ತದೆ. ಹಿಂದೆ ಕಂಡ ಮುದ್ರೆಗಿಂತ ಹಳೆಯದು ಬಂದರೆ ಎದುರಿನ ಸರ್ವರ್ ಅದನ್ನು ಮರುಬಳಕೆಯ ದಾಳಿ ಎಂದು ಭಾವಿಸಿ ಉತ್ತರವನ್ನೇ ಕೊಡುವುದಿಲ್ಲ. ಸಮಯ ತಿದ್ದಬೇಕಾದ ಎನ್‌ಟಿಪಿ ಹೊರಗೆ ಹೋಗಬೇಕು, ಆದರೆ ನಿಮ್ಮ ‘ಅಲೌಡ್‌ಐಪೀಸ್’ 0.0.0.0/0 (ಅಂದರೆ ಎಲ್ಲ ವಿಳಾಸ) ಆದ್ದರಿಂದ ಅದಕ್ಕೂ ಸುರಂಗವೇ ದಾರಿ. ಸುರಂಗಕ್ಕೆ ಸಮಯ ಬೇಕು, ಸಮಯಕ್ಕೆ ಸುರಂಗ ಬೇಕು. ಪೈ ಗಡಿಯಾರ ನಿಧಾನವಾಗಿ ನಡೆದು ಹಳೆಯ ಮುದ್ರೆಯನ್ನು ದಾಟಿದಾಗ ಮಾತ್ರ ಬಾಗಿಲು ತೆರೆಯುತ್ತದೆ.

ಖಚಿತಪಡಿಸಿಕೊಳ್ಳಲು ಸುರಂಗ ಸೇರದ ಹೊತ್ತಿನಲ್ಲಿ ‘ಟೈಮ್‌ಡೇಟ್‌ಸಿಟಿಎಲ್’ ಕೊಡಿ. ‘ಸಿಸ್ಟಮ್ ಕ್ಲಾಕ್ ಸಿಂಕ್ರೊನೈಸ್ಡ್: ನೋ’ ಎಂದಿರುತ್ತದೆ, ಸಮಯವೂ ನಿಮ್ಮ ಕೈಗಡಿಯಾರಕ್ಕಿಂತ ಹಿಂದಿರುತ್ತದೆ.

ವೈರ್‌ಗಾರ್ಡ್ ಸರ್ವಿಸ್ ನೆಟ್‌ವರ್ಕ್-ಆನ್‌ಲೈನ್‌ಗೆ ಮೊದಲೇ ಕಾಯುತ್ತದೆ, ಆದರೆ ಇಲ್ಲಿ ಕಾಯಬೇಕಾದದ್ದು ಸಮಯಕ್ಕೂ ಹೌದು. ‘ಸುಡೊ ಸಿಸ್ಟಮ್‌ಸಿಟಿಎಲ್ ಎನೇಬಲ್ ಸಿಸ್ಟಮ್‌ಡಿ-ಟೈಮ್-ವೇಟ್-ಸಿಂಕ್’ ಕೊಡಿ. ನಂತರ ‘ಸುಡೊ ಸಿಸ್ಟಮ್‌ಸಿಟಿಎಲ್ ಎಡಿಟ್ ಡಬ್ಲ್ಯುಜಿ-ಕ್ವಿಕ್@ಡಬ್ಲ್ಯುಜಿ0’ ತೆರೆದು ‘ಯೂನಿಟ್’ ಭಾಗದಲ್ಲಿ ‘ವಾಂಟ್ಸ್=ಟೈಮ್-ಸಿಂಕ್.ಟಾರ್ಗೆಟ್’, ‘ಆಫ್ಟರ್=ಟೈಮ್-ಸಿಂಕ್.ಟಾರ್ಗೆಟ್’ ಬರೆಯಿರಿ. ಈಗ ಸುರಂಗ ಏಳುವ ಮೊದಲು ಎನ್‌ಟಿಪಿ ನೇರ ದಾರಿಯಲ್ಲಿ ಹೋಗಿ ಸಮಯ ತರುತ್ತದೆ. ಈ ಕಾಯುವಿಕೆಗೆ ಗಡುವಿಲ್ಲ, ಇಂಟರ್‌ನೆಟ್ ಬರುವ ತನಕ ಸುರಂಗ ಏಳದು. ಇಂಟರ್‌ನೆಟ್ ಇಲ್ಲದೆ ಸುರಂಗದಿಂದ ಉಪಯೋಗವೂ ಇಲ್ಲದ್ದರಿಂದ ನಷ್ಟವಿಲ್ಲ. ಮಳೆಯ ಲೆಕ್ಕ ಬರೆಯುವ ಕೆಲಸ ಕ್ರಾನ್‌ನಲ್ಲಿ (ಹೊತ್ತು ನೋಡಿ ಕೆಲಸ ಓಡಿಸುವ ತಂತ್ರಾಂಶ) ಇದ್ದರೆ ಅದನ್ನು ಸಿಸ್ಟಮ್‌ಡಿ ಟೈಮರ್‌ಗೆ ಬದಲಿಸಿ. ‘ಆನ್‌ಕ್ಯಾಲೆಂಡರ್’ ಇರುವ ಟೈಮರ್‌ಗಳು ಟೈಮ್-ಸಿಂಕ್ ಆದ ಮೇಲೇ ಶುರುವಾಗುತ್ತವೆ. ಕ್ರಾನ್ ಕಾಯುವುದಿಲ್ಲ, ಹಿಂದೆ ಬಿದ್ದ ಗಡಿಯಾರ ನೋಡಿಯೇ ಮಳೆಗೆ ತಪ್ಪು ಹೊತ್ತು ಬರೆಯುತ್ತದೆ.

ಇಂಟರ್‌ನೆಟ್ ಬಾರದಿದ್ದಾಗಲೂ ಮಳೆಯ ಹೊತ್ತು ಸರಿಯಿರಬೇಕೆಂದರೆ ಡಿಎಸ್3231 ಗಡಿಯಾರದ ಮಾಡ್ಯೂಲ್ ಹಾಕಿ. ಐ2ಸಿ ಪಿನ್‌ಗಳಿಗೆ ಜೋಡಿಸಿ, ‘/ಬೂಟ್/ಫರ್ಮ್‌ವೇರ್/ಕಾನ್ಫಿಗ್.ಟಿಎಕ್ಸ್‌ಟಿ’ ಫೈಲಿನಲ್ಲಿ ‘ಡಿಟಿಓವರ್‌ಲೇ=ಐ2ಸಿ-ಆರ್‌ಟಿಸಿ,ಡಿಎಸ್3231’ ಎಂದು ಒಂದು ಸಾಲು ಸೇರಿಸಿ, ಫೇಕ್-ಎಚ್‌ಡಬ್ಲ್ಯುಕ್ಲಾಕ್ ತೆಗೆದುಹಾಕಿ. ರೀಬೂಟ್ ಆಗಿ ಸಮಯ ಸರಿಹೊಂದಿದ ಮೇಲೆ ಒಮ್ಮೆ ‘ಸುಡೊ ಎಚ್‌ಡಬ್ಲ್ಯುಕ್ಲಾಕ್ -ಡಬ್ಲ್ಯು’ ಕೊಟ್ಟು ಮಾಡ್ಯೂಲಿಗೆ ಸಮಯ ಬರೆಯಿರಿ. ಆಮೇಲೆ ‘ಸಿಸ್ಟಮ್‌ಡಿ-ಟೈಮ್-ವೇಟ್-ಸಿಂಕ್’ ಅನ್ನು ಡಿಸೇಬಲ್ ಮಾಡಿ, ಇಲ್ಲವಾದರೆ ಟೈಮರ್ ಇಂಟರ್‌ನೆಟ್ ಬರುವ ತನಕ ಕಾಯುತ್ತದೆ.